ಬೆಳೆಯದ ಹತ್ತಿಗೆ ಬೆಲೆ

ಅರಸರು ಪ್ರಜೆಗಳಿಂದ ಏನನ್ನು ಪಡೆದರು ಎಂಬುದರ ಸುತ್ತಲೇ ಚರಿತ್ರೆಯ ಬಹುಭಾಗ ಬರೆಯಲ್ಪಟ್ಟಿದೆ. ಕಂದಾಯ, ಸುಂಕ, ಕಪ್ಪಕಾಣಿಕೆಗಳ ಲೆಕ್ಕ ಕಡತಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಆ ಲೆಕ್ಕವನ್ನು ಓದಿ ಒಂದು ಕಾಲದ ಜನ ಸುಖವಾಗಿದ್ದರೆ ಕಷ್ಟದಲ್ಲಿದ್ದರೆ ಎಂದು ನಾವು ಊಹಿಸುತ್ತೇವೆ. ಸರ್ಕಾರ ಜನರಿಗೆ ಏನನ್ನು ಕೊಟ್ಟಿತು, ಯಾರ ಕೈಗೆ ಕೊಟ್ಟಿತು, ಕೊಟ್ಟದ್ದರಿಂದ ಏನು ನಡೆಯಿತು ಎಂಬ ಚರಿತ್ರೆ ಇದಕ್ಕೆ ಹೋಲಿಸಿದರೆ ಹೊಸದು. ದತ್ತಿ ಉಂಬಳಿಗಳ ಮಾತು ಬೇರೆ. ಅವು ಕೆಲವರಿಗೆ ಸಂದ ಗೌರವಗಳು. ಒಂದು ಇಡೀ ವರ್ಗದ ಜನರಿಗೆ, ಅವರು ಮಾಡುವ ಕಸುಬಿನ ಹೆಸರಿನಲ್ಲಿ, ವರ್ಷವರ್ಷವೂ ಬೊಕ್ಕಸದಿಂದ ಹಣ ಹಂಚುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ನೆಲೆಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ರೈತರಿಗೆ ಕೊಡುವ ಸಹಾಯಧನ ಅಂಥದು.

ಕೊಡುವುದು ಒಳ್ಳೆಯ ಕೆಲಸ. ಅದರಲ್ಲಿ ವಿಚಾರಿಸುವುದೇನು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ತೆಗೆದುಕೊಳ್ಳುವ ಕೈಯಷ್ಟೇ ಕೊಡುವ ಕೈಗೂ ಒಂದು ಊರನ್ನು ಬದಲಾಯಿಸುವ ಶಕ್ತಿಯಿದೆ. ಇದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಸಣ್ಣ ಸೀಮೆಯ ಕಥೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಮಿಸಿಸಿಪಿ ರಾಜ್ಯದ ಸನ್‌ಫ್ಲವರ್ ಕೌಂಟಿ ಆ ಸೀಮೆ. ಕೌಂಟಿ ಎಂದರೆ ನಮ್ಮ ತಾಲ್ಲೂಕಿಗಿಂತ ಹೆಚ್ಚಿನ ಅಧಿಕಾರವುಳ್ಳ, ಅನೇಕ ವೇಳೆ ನಮ್ಮ ಜಿಲ್ಲೆಗಿಂತ ಬಹಳ ಚಿಕ್ಕದಾದ ಒಂದು ಆಡಳಿತ ಘಟಕ. ಸೂರ್ಯಕಾಂತಿಯ ಹೆಸರನ್ನು ಹೊತ್ತ ನದಿಯೊಂದು ಅಲ್ಲಿ ಹರಿಯುವುದರಿಂದ ಸೀಮೆಗೂ ಅದೇ ಹೆಸರು. ಆದರೆ ಅಲ್ಲಿನ ಜನಜೀವನವನ್ನು ಆಳಿದ್ದು ಸೂರ್ಯಕಾಂತಿಯಲ್ಲ, ಹತ್ತಿ.

ಮಿಸಿಸಿಪಿ ಮತ್ತು ಯಾಜೂ ನದಿಗಳ ನಡುವೆ ಹರಡಿಕೊಂಡಿರುವ, ಪ್ರವಾಹಗಳು ತಂದು ಸುರಿದ ಮೆಕ್ಕಲು ಮಣ್ಣಿನ ಬಯಲಿಗೆ ಅಲ್ಲಿನವರು ಡೆಲ್ಟಾ ಎನ್ನುತ್ತಾರೆ. ಕಣ್ಣು ಹಾಯುವವರೆಗೂ ಸಮತಟ್ಟಾದ ಈ ನೆಲದ ಫಲವತ್ತತೆ ಪ್ರಸಿದ್ಧವಾದುದು. ಸನ್‌ಫ್ಲವರ್ ಕೌಂಟಿ ಇದರ ನಡುವಿನಲ್ಲಿದೆ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಕೊನೆಗೊಂಡಿತು. ಬಿಡುಗಡೆಯಾದ ಕಪ್ಪು ಜನರಿಗೆ ಸ್ವಾತಂತ್ರ್ಯ ಬಂತು, ನೆಲ ಬರಲಿಲ್ಲ. ನೆಲವಿದ್ದವರಿಗೆ ಆಳು ಬೇಕು, ಆಳುಗಳಿಗೆ ಅನ್ನ ಬೇಕು. ಇವೆರಡರ ನಡುವೆ ಹುಟ್ಟಿದ್ದು ಪಾಲಿನ ಬೇಸಾಯ. ನಮ್ಮಲ್ಲಿ ಕೋರು ಎಂದೋ ಪಾಲು ಎಂದೋ ಕರೆಯುವ ವ್ಯವಸ್ಥೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಡೆಯನದು ಭೂಮಿ, ಮನೆ, ಹೇಸರಗತ್ತೆ, ಬೀಜ, ಒಕ್ಕಲಿನದು ಮೈಬೆವರು, ಬೆಳೆಯಲ್ಲಿ ಅರ್ಧರ್ಧ. ಸುಗ್ಗಿಯವರೆಗಿನ ಊಟ ಬಟ್ಟೆಗೆ ಒಡೆಯನ ಅಂಗಡಿಯಲ್ಲಿಯೇ ಸಾಲ. ವರ್ಷದ ಕೊನೆಗೆ ಲೆಕ್ಕ. ಲೆಕ್ಕದ ಪುಸ್ತಕ ಒಡೆಯನ ಕೈಯಲ್ಲಿ. ವರ್ಷವಿಡೀ ದುಡಿದ ಸಂಸಾರ ಆ ದಿನ ಸಾಲಗಾರನಾಗಿಯೇ ಮನೆಗೆ ಮರಳುವುದು ವಿರಳವಾಗಿರಲಿಲ್ಲ.

ಈ ಹತ್ತಿಯ ಲೋಕ ನಮ್ಮಿಂದ ತೀರ ದೂರದ್ದೇನೂ ಅಲ್ಲ. ಆ ಅಂತರ್ಯುದ್ಧದ ನಾಲ್ಕು ವರ್ಷ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಾಗ ಧಾರವಾಡ ಸೀಮೆಯ ಎರೆ ಹೊಲಗಳ ಹತ್ತಿಗೆ ಕಂಡರಿಯದ ಬೆಲೆ ಬಂತು. ಅದಕ್ಕೂ ಮೊದಲೇ, 1840ರ ದಶಕದಿಂದ, ಕಂಪನಿ ಸರ್ಕಾರ ಅಮೆರಿಕದ ತಳಿಯನ್ನು ಅಲ್ಲಿ ಬೆಳೆಸಲು ಯತ್ನಿಸಿತ್ತು. ಅದರಿಂದಲೇ ಧಾರವಾಡ ಅಮೆರಿಕನ್ ಎಂಬ ಹತ್ತಿಯ ಹೆಸರು ಪೇಟೆಗಳಲ್ಲಿ ನೆಲೆಸಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಏರಿಕೆಯನ್ನು ನಂಬಿ ಸಾಲ ಮಾಡಿದವರು ಇಳಿತದಲ್ಲಿ ಮುಳುಗಿದರು. ಒಂದು ಖಂಡದ ಹತ್ತಿಯ ಬೆಲೆ ಇನ್ನೊಂದು ಖಂಡದ ಒಕ್ಕಲಿನ ಹಣೆಬರಹವನ್ನು ಬರೆಯುತ್ತದೆ ಎಂಬುದನ್ನು ಕನ್ನಡ ನಾಡು ಅಷ್ಟು ಹಿಂದೆಯೇ ಅನುಭವಿಸಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 1929ರ ಆರ್ಥಿಕ ಕುಸಿತದ ತರುವಾಯ ಅಮೆರಿಕದಲ್ಲಿ ಹತ್ತಿಯ ಬೆಲೆ ಪಾತಾಳಕ್ಕೆ ಇಳಿಯಿತು. 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟು ಇದ್ದುದು 1932ರ ಹೊತ್ತಿಗೆ ಆರು ಸೆಂಟಿನ ಆಸುಪಾಸಿಗೆ ಬಂದಿತ್ತು. ಬೆಳೆದ ಖರ್ಚೂ ಹುಟ್ಟುತ್ತಿರಲಿಲ್ಲ. 1932ರ ಏಪ್ರಿಲ್ ತಿಂಗಳ ಒಂದೇ ದಿನ ಮಿಸಿಸಿಪಿ ರಾಜ್ಯದ ಸುಮಾರು ಕಾಲುಭಾಗದಷ್ಟು ಭೂಮಿ ಕಂದಾಯದ ಬಾಕಿಗಾಗಿ ಹರಾಜಿಗೆ ಬಂದಿತೆಂದು ಚರಿತ್ರಕಾರರು ದಾಖಲಿಸಿದ್ದಾರೆ. ದೊಡ್ಡ ಒಡೆಯನೂ ಸಣ್ಣ ಹಿಡುವಳಿದಾರನೂ ಒಂದೇ ಹಗ್ಗದ ತುದಿಗೆ ಬಂದು ನಿಂತಿದ್ದ ಕಾಲ ಅದು. ಸರ್ಕಾರ ಕೈಕಟ್ಟಿ ಕುಳಿತಿರಲು ಸಾಧ್ಯವಿರಲಿಲ್ಲ. ಕುಳಿತಿದ್ದರೆ ಅದು ಅಪರಾಧವೇ ಆಗುತ್ತಿತ್ತು. ಈ ಮಾತನ್ನು ಮೊದಲೇ ಹೇಳಬೇಕು. ಏಕೆಂದರೆ ಮುಂದೆ ನಡೆದದ್ದನ್ನು ನೋಡಿ ಸಹಾಯವೇ ತಪ್ಪು ಎಂಬ ತೀರ್ಮಾನಕ್ಕೆ ಬರುವುದು ಸುಲಭ, ಅದು ನ್ಯಾಯವಲ್ಲ.

1933ರ ಮೇ 12ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಕೃಷಿ ಹೊಂದಾಣಿಕೆಯ ಕಾಯಿದೆಗೆ ಅಂಕಿತ ಹಾಕಿದರು. ಅದರ ಹಿಂದಿನ ತರ್ಕ ಸರಳವಾದುದು. ಬೆಳೆ ಹೆಚ್ಚಾಗಿರುವುದರಿಂದ ಬೆಲೆ ಕಡಮೆಯಾಗಿದೆ. ಬೆಳೆಯನ್ನು ಕಡಮೆ ಮಾಡಿದರೆ ಬೆಲೆ ಏರೀತು. 1909ರಿಂದ 1914ರವರೆಗೆ ರೈತ ತಾನು ಮಾರಿದ ಪದಾರ್ಥದಿಂದ ಏನೇನನ್ನು ಕೊಳ್ಳಬಹುದಾಗಿತ್ತೋ ಅಷ್ಟನ್ನು ಮತ್ತೆ ಕೊಳ್ಳುವಂತಾಗಬೇಕು ಎಂಬುದು ಗುರಿ. ಬೆಳೆಯನ್ನು ತಗ್ಗಿಸಲು ಒಪ್ಪಿದವನಿಗೆ ಸರ್ಕಾರ ಹಣ ಕೊಡುತ್ತದೆ. ಆ ಹಣಕ್ಕಾಗಿ ಹತ್ತಿಯನ್ನು ನೂಲುವ, ಗೋಧಿಯನ್ನು ಬೀಸುವ ಕಾರ್ಖಾನೆಗಳ ಮೇಲೆ ತೆರಿಗೆ.

ಕಾಯಿದೆ ಬರುವ ಹೊತ್ತಿಗೆ ಆ ವರ್ಷದ ಹತ್ತಿ ಆಗಲೇ ಮೊಳೆತು ನಿಂತಿತ್ತು. ಆದ್ದರಿಂದ ಬೆಳೆದು ನಿಂತ ಪೈರನ್ನೇ ಉತ್ತು ಮಣ್ಣುಪಾಲು ಮಾಡುವುದೆಂದು ನಿಶ್ಚಯವಾಯಿತು. ಎಕರೆಗೆ ಇಳುವರಿಯನ್ನು ನೋಡಿ ಏಳರಿಂದ ಇಪ್ಪತ್ತು ಡಾಲರು. ಹತ್ತು ಲಕ್ಷಕ್ಕೂ ಮಿಕ್ಕಿ ಬೆಳೆಗಾರರು ಒಪ್ಪಂದಕ್ಕೆ ರುಜು ಹಾಕಿದರು. ದೇಶದಲ್ಲಿ ಬಿತ್ತಿದ್ದ ಸುಮಾರು ನಾಲ್ಕು ಕೋಟಿ ಎಕರೆ ಹತ್ತಿಯಲ್ಲಿ ಒಂದು ಕೋಟಿಗೂ ಹೆಚ್ಚು ಎಕರೆ ನೇಗಿಲ ಕೆಳಗೆ ಹೋಯಿತು. ಸಾಲುಗಳ ನಡುವೆ ಮಾತ್ರ ನಡೆಯುವಂತೆ, ಗಿಡವನ್ನು ತುಳಿಯದಂತೆ ಜೀವಮಾನವೆಲ್ಲ ಪಳಗಿದ್ದ ಹೇಸರಗತ್ತೆಗಳು ಗಿಡದ ಮೇಲೆ ಕಾಲಿಡಲು ಒಪ್ಪದೆ ಮೊಂಡುಹಿಡಿದುವೆಂದು ಅಂದಿನ ಜನ ಕಥೆಯಂತೆ ಹೇಳುತ್ತಿದ್ದರು. ಅದೇ ವರ್ಷ ಸುಮಾರು 60 ಲಕ್ಷ ಹಂದಿಗಳನ್ನು ಬೆಲೆಯೇರಿಕೆಗಾಗಿ ಕೊಲ್ಲಲಾಯಿತು. ಉಣ್ಣಲಿಲ್ಲದೆ ಉಡಲಿಲ್ಲದೆ ಲಕ್ಷಾಂತರ ಜನ ಬೀದಿಯಲ್ಲಿದ್ದ ಕಾಲದಲ್ಲಿ ನಡೆದ ಕೆಲಸ ಇದು. ಅರ್ಥಶಾಸ್ತ್ರದ ತರ್ಕ ಸರಿಯಾಗಿಯೇ ಇದ್ದಿರಬಹುದು. ಆದರೂ ಹೇಸರಗತ್ತೆಯ ಹಿಂಜರಿಕೆ ಮನುಷ್ಯರಿಗೆ ಅರ್ಥವಾಗದೆ ಹೋಗಲಿಲ್ಲ.

ಬೆಲೆ ಏರಿತು; ಅದರಲ್ಲಿ ಸಂದೇಹವಿಲ್ಲ. ಆದರೆ ಹಣ ಯಾರಿಗೆ ಸೇರಿತು? ಮೊದಲ ವರ್ಷ ಚೆಕ್ಕು ಬಂದದ್ದು ಭೂಮಾಲೀಕನ ಹೆಸರಿಗೆ. ಪಾಲುಗಾರನಿಗೆ ಅವನ ಪಾಲನ್ನು ಅವನೇ ಹಂಚಬೇಕು. ಆದರೆ ಪಾಲುಗಾರ ಒಡೆಯನ ಅಂಗಡಿಗೆ ಸಾಲಗಾರ. ಸಾಲಕ್ಕೆ ಪಾಲು ವಜಾ. 1934 ಮತ್ತು 35ರ ಒಪ್ಪಂದದಲ್ಲಿ ಲೆಕ್ಕ ಇನ್ನೂ ವಿಶದವಾಯಿತು. ಬೀಳುಬಿಟ್ಟ ಭೂಮಿಯಲ್ಲಿ ಬೆಳೆಯಬಹುದಾಗಿದ್ದ ಹತ್ತಿಯ ಪ್ರತಿ ಪೌಂಡಿಗೂ ಮೂರೂವರೆ ಸೆಂಟು ಬಾಡಿಗೆಯೆಂದು, ಒಂದು ಸೆಂಟು ಬೆಲೆಯ ಸಮತೆಗೆಂದು ಸರ್ಕಾರ ಕೊಟ್ಟಿತು. ಬಾಡಿಗೆ ಭೂಮಿಗೆ ಸಲ್ಲತಕ್ಕದ್ದು, ಆದ್ದರಿಂದ ಪೂರ್ತಿ ಒಡೆಯನಿಗೆ. ಉಳಿದ ಒಂದು ಸೆಂಟಿನಲ್ಲಿ ಅರ್ಧ ಪಾಲುಗಾರನಿಗೆ. ಎಂದರೆ ನಾಲ್ಕೂವರೆ ಸೆಂಟಿನಲ್ಲಿ ನಾಲ್ಕು ಸೆಂಟು ಒಡೆಯನಿಗೆ, ಅರ್ಧ ಸೆಂಟು ದುಡಿದವನಿಗೆ. ಬೆಳೆದ ಹತ್ತಿಯಲ್ಲಿ ಅರ್ಧಕ್ಕೆ ಹಕ್ಕುದಾರನಾಗಿದ್ದವನು ಬೆಳೆಯದ ಹತ್ತಿಯಲ್ಲಿ ಒಂಬತ್ತರಲ್ಲೊಂದು ಭಾಗಕ್ಕೆ ಇಳಿದ.

ಇದರಿಂದಾದ ಪರಿಣಾಮವನ್ನು ಊಹಿಸಲು ಬಹಳ ಬುದ್ಧಿ ಬೇಕಾಗಿಲ್ಲ. ಬಿತ್ತನೆ ಕಡಮೆಯಾದರೆ ಒಕ್ಕಲುಗಳೂ ಅಷ್ಟು ಬೇಕಾಗುವುದಿಲ್ಲ. ಒಕ್ಕಲೊಂದನ್ನು ಕಳಿಸಿಬಿಟ್ಟರೆ ಅವನಿಗೆ ಸಲ್ಲಬೇಕಾದ ಅರ್ಧ ಸೆಂಟೂ ಉಳಿಯಿತು. ಒಪ್ಪಂದದ ಏಳನೆಯ ಕಲಮು ಇದನ್ನು ತಡೆಯಲೆಂದೇ ಇತ್ತು: ಸಾಧ್ಯವಾದ ಮಟ್ಟಿಗೆ ಒಡೆಯ ತನ್ನ ಒಕ್ಕಲುಗಳ ಸಂಖ್ಯೆಯನ್ನು ಮೊದಲಿನಂತೆಯೇ ಉಳಿಸಿಕೊಳ್ಳಬೇಕು. ಸಾಧ್ಯವಾದ ಮಟ್ಟಿಗೆ ಎಂಬ ಎರಡು ಮೂರು ಪದಗಳಲ್ಲಿ ಸಾವಿರಾರು ಸಂಸಾರಗಳ ಭವಿಷ್ಯ ಅಡಗಿತ್ತು. ವಾಷಿಂಗ್ಟನ್ನಿನ ಕೃಷಿ ಇಲಾಖೆಯಲ್ಲಿ ಜೆರೋಮ್ ಫ್ರಾಂಕ್ ಎಂಬ ವಕೀಲರ ನೇತೃತ್ವದಲ್ಲಿದ್ದ ಕೆಲವು ತರುಣರು, ಹಳೆಯ ಒಕ್ಕಲುಗಳನ್ನೇ ಉಳಿಸಿಕೊಳ್ಳಬೇಕೆಂಬುದು ಈ ಕಲಮಿನ ಅರ್ಥವೆಂದು ವಾದಿಸಿದರು. 1935ರ ಫೆಬ್ರವರಿಯಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಕಾಯಿದೆಗೆ ಕಾಂಗ್ರೆಸ್ಸಿನಲ್ಲಿ ದಕ್ಷಿಣದ ಸದಸ್ಯರ ಬೆಂಬಲ ಬೇಕಾಗಿತ್ತು. ಆ ಸದಸ್ಯರ ಹಿಂದೆ ಇದ್ದವರು ಭೂಮಾಲೀಕರು. ನದಿಯಾಚೆ, ಅರ್ಕಾನ್ಸಾ ರಾಜ್ಯದ ಟೈರೋನ್ಜಾ ಎಂಬ ಊರಿನ ಬಳಿ, 1934ರ ಜುಲೈನಲ್ಲಿ ಹನ್ನೊಂದು ಜನ ಬಿಳಿಯರೂ ಏಳು ಜನ ಕಪ್ಪು ಒಕ್ಕಲುಗಳೂ ಒಟ್ಟಿಗೆ ಕುಳಿತು ದಕ್ಷಿಣದ ಗೇಣಿದಾರರ ಸಂಘವನ್ನು ಕಟ್ಟಿದರು. ಆ ನಾಡಿನಲ್ಲಿ ಎರಡು ಬಣ್ಣದವರು ಒಂದೇ ಬೆಂಚಿನ ಮೇಲೆ ಕುಳಿತುದೇ ಒಂದು ಸಾಹಸ. ಸಂಘದ ಸಭೆಗಳ ಮೇಲೆ ಹಲ್ಲೆಗಳು ನಡೆದುವು.

1936ರ ಜನವರಿ 6ರಂದು ಸರ್ವೋಚ್ಚ ನ್ಯಾಯಾಲಯ ಕಾರ್ಖಾನೆಗಳ ಮೇಲಿನ ತೆರಿಗೆ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಸರ್ಕಾರ ಎರಡೇ ತಿಂಗಳೊಳಗೆ ಮಣ್ಣಿನ ಸಂರಕ್ಷಣೆಯ ಹೆಸರಿನಲ್ಲಿ ಹೊಸ ಕಾಯಿದೆ ತಂದಿತು, 1938ರಲ್ಲಿ ಮತ್ತೊಂದು. ಹೆಸರು ಬದಲಾಯಿತು, ಹಣದ ಮೂಲ ಬದಲಾಯಿತು. ಎಕರೆಗೆ ಇಷ್ಟು ಎಂಬ ಅಳತೆ ಮಾತ್ರ ಬದಲಾಗಲಿಲ್ಲ. ಆ ಅಳತೆಯಲ್ಲಿಯೇ ಮುಂದಿನ ಚರಿತ್ರೆಯೆಲ್ಲ ಬೀಜರೂಪದಲ್ಲಿತ್ತು. ಎಕರೆಯನ್ನು ನೋಡಿ ಕೊಡುವ ಹಣ ಎಕರೆ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ನೀರು ತಗ್ಗಿಗೆ ಹರಿಯುವಂತೆ ಈ ಹಣ ಉಬ್ಬಿನ ಕಡೆಗೆ ಹರಿಯಿತು.

ಇಲ್ಲಿ ಇನ್ನೊಂದು ಸಂಸ್ಥೆಯ ಮಾತನ್ನು ಹೇಳದಿದ್ದರೆ ಕಥೆ ಪೂರ್ಣವಾಗುವುದಿಲ್ಲ. ದೂರದ ರಾಜಧಾನಿಯ ಅಧಿಕಾರಿಗಳು ಹಳ್ಳಿಯ ಹೊಲವನ್ನು ಅಳೆಯುವುದು ಸರಿಯಲ್ಲ, ರೈತರೇ ರೈತರ ವ್ಯವಹಾರ ನೋಡಿಕೊಳ್ಳಲಿ ಎಂಬ ಉದಾತ್ತ ಭಾವನೆಯಿಂದ ಪ್ರತಿ ಕೌಂಟಿಯಲ್ಲಿಯೂ ರೈತರ ಸಮಿತಿಯನ್ನು ಏರ್ಪಡಿಸಿದ್ದರು. ಮೂವರು ಸದಸ್ಯರ ಈ ಸಮಿತಿ ಯಾವ ಹೊಲದಲ್ಲಿ ಎಷ್ಟು ಎಕರೆ ಹತ್ತಿ ಬಿತ್ತಬಹುದು, ಅದರ ಇಳುವರಿ ಎಷ್ಟೆಂದು ಎಣಿಸಬೇಕು ಎಂಬುದನ್ನು ನಿರ್ಧರಿಸುತ್ತಿತ್ತು. ತಕರಾರು ಬಂದರೆ ಅದನ್ನು ಮೊದಲು ಕೇಳುತ್ತಿದ್ದುದೂ ಅದೇ. ಗ್ರಾಮಸ್ವರಾಜ್ಯದ ಮಾತನ್ನು ಕೇಳಿ ಬೆಳೆದ ನಮಗೆ ಇದು ಬಹಳ ಹಿಡಿಸುವ ವ್ಯವಸ್ಥೆ. ಆದರೆ ಊರಿನ ಪಂಚಾಯಿತಿ ಊರಿನ ಜನರಷ್ಟೇ ಒಳ್ಳೆಯದು. ಕಪ್ಪು ಜನ ಬಹುಸಂಖ್ಯಾತರಾಗಿದ್ದ, ಆದರೆ ಅವರಿಗೆ ಮತ ಹಾಕಲು ಬಿಡದಿದ್ದ ಸೀಮೆಯಲ್ಲಿ ಸಮಿತಿ ಯಾರದಾಗಿರಬಹುದು? ದಕ್ಷಿಣದ 11 ರಾಜ್ಯಗಳಲ್ಲಿ ಸುಮಾರು ಐದು ಸಾವಿರ ಮಂದಿ ಕೌಂಟಿ ಸಮಿತಿಯ ಸದಸ್ಯರಿದ್ದರು. 1964ರಲ್ಲಿ ಅವರಲ್ಲಿ ಒಬ್ಬನೂ ಕಪ್ಪು ಮನುಷ್ಯನಿರಲಿಲ್ಲವೆಂದು ಅಮೆರಿಕದ ನಾಗರಿಕ ಹಕ್ಕುಗಳ ಆಯೋಗವೇ 1965ರ ವರದಿಯಲ್ಲಿ ಹೇಳಿತು.

ಈ ನಡುವೆ ಯಂತ್ರ ಬಂತು. 1944ರ ಅಕ್ಟೋಬರ್ 2ರಂದು ನೆರೆಯ ಕೊಹೋಮಾ ಕೌಂಟಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಹಾಪ್ಸನ್ ತೋಟದಲ್ಲಿ ಹತ್ತಿ ಬಿಡಿಸುವ ಕೆಂಪು ಯಂತ್ರಗಳನ್ನು ಸಾವಿರಾರು ಜನರೆದುರು ನಡೆಸಿ ತೋರಿಸಿದರು. ನುರಿತ ಆಳೊಬ್ಬ ಗಂಟೆಗೆ ಸುಮಾರು 20 ಪೌಂಡು ಹತ್ತಿ ಬಿಡಿಸಿದರೆ ಯಂತ್ರ ಸಾವಿರ ಪೌಂಡು ಬಿಡಿಸುತ್ತಿತ್ತು. ಒಂದು ಬೇಲು ಹತ್ತಿಯನ್ನು ಕೈಯಿಂದ ಬಿಡಿಸಲು ಸುಮಾರು 39 ಡಾಲರು ಖರ್ಚು, ಯಂತ್ರದಿಂದ ಐದು ಡಾಲರಿಗೆ ಸ್ವಲ್ಪ ಹೆಚ್ಚು ಎಂದು ತೋಟದ ಒಡೆಯ ಲೆಕ್ಕ ಹಾಕಿದ. ಯಂತ್ರದ ವಿರುದ್ಧ ಮಾತನಾಡುವುದು ನನ್ನ ಉದ್ದೇಶವಲ್ಲ. ಬೆನ್ನು ಬಗ್ಗಿಸಿ ಹತ್ತಿ ಬಿಡಿಸುವ ಕೆಲಸ ಯಾರೂ ಹಂಬಲಿಸುವಂಥದಲ್ಲ. ಆದರೆ ಟ್ರಾಕ್ಟರನ್ನೂ ಯಂತ್ರವನ್ನೂ ಕೊಳ್ಳಲು ಬಂಡವಾಳ ಬೇಕು. ಅದರ ಒಂದು ಭಾಗವನ್ನು ಒಡೆಯನಿಗೆ ಒದಗಿಸಿದ್ದು ಬೆಳೆಯದಿರುವುದಕ್ಕಾಗಿ ಬಂದ ಚೆಕ್ಕು. ರೈತನನ್ನು ನೆಲದಲ್ಲಿ ಉಳಿಸಲೆಂದು ಹುಟ್ಟಿದ ಹಣ ಉಳುವವನನ್ನು ನೆಲದಿಂದ ಎಬ್ಬಿಸುವ ಯಂತ್ರಕ್ಕೆ ಬೆಲೆಯಾಯಿತು. ಒಕ್ಕಲುಗಳು ರೈಲು ಹತ್ತಿ ಷಿಕಾಗೊ ಮೊದಲಾದ ಉತ್ತರದ ನಗರಗಳಿಗೆ ಹೋದರು. 1930ರಲ್ಲಿ ಸುಮಾರು 66 ಸಾವಿರವಿದ್ದ ಸನ್‌ಫ್ಲವರ್ ಕೌಂಟಿಯ ಜನಸಂಖ್ಯೆ 1970ರ ಹೊತ್ತಿಗೆ 37 ಸಾವಿರವಾಯಿತು. 2020ರ ಗಣತಿಯಲ್ಲಿ 26 ಸಾವಿರವೂ ತುಂಬಲಿಲ್ಲ.

ಬೆಳೆ ತಗ್ಗಿಸಲು ಹಣ ಕೊಟ್ಟರೂ ಬೆಳೆ ತಗ್ಗಲಿಲ್ಲ ಎಂಬುದು ಇನ್ನೊಂದು ವಿಚಿತ್ರ. ಒಳ್ಳೆಯ ನೆಲವನ್ನು ಉಳಿಸಿಕೊಂಡು ಕೆಟ್ಟ ನೆಲವನ್ನು ಬೀಳುಬಿಟ್ಟು, ಗೊಬ್ಬರ ಸುರಿದು ಇಳುವರಿ ಹೆಚ್ಚಿಸಿದರು. ಉಗ್ರಾಣಗಳು ತುಂಬಿ ತುಳುಕಿದುವು. ಆ ಹೆಚ್ಚುವರಿಯನ್ನು ಹೊರದೇಶಗಳಿಗೆ ಸಾಗಿಸಲು 1954ರಲ್ಲಿ ಬಂದದ್ದೇ ನಮ್ಮಲ್ಲಿಯೂ ಮನೆಮಾತಾದ ಪಿ.ಎಲ್. 480 ಎಂಬ ಕಾಯಿದೆ. 1956ರಲ್ಲಿ ಭಾರತ ಅದರಡಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಬಂದ ಸಾಮಗ್ರಿಯಲ್ಲಿ ಮುಖ್ಯವಾದುದು ಗೋಧಿ, ಹತ್ತಿಯೂ ಇತ್ತು. ನಮ್ಮ ಪಡಿತರ ಅಂಗಡಿಗಳ ಮುಂದೆ ಆ ಗೋಧಿಗಾಗಿ ಸಾಲು ನಿಂತವರು ಇನ್ನೂ ನಮ್ಮ ನಡುವೆ ಇದ್ದಾರೆ. ಗೋಧಿ ಬೆಳೆದದ್ದು ಬೇರೆ ರಾಜ್ಯಗಳಲ್ಲಿ. ಆದರೆ ಅದನ್ನು ಉಗ್ರಾಣಕ್ಕೆ ತುಂಬಿದ ನೀತಿ ಸನ್‌ಫ್ಲವರ್ ಕೌಂಟಿಯನ್ನು ಆಳಿದ ನೀತಿಯೇ.

ಈ ಕೌಂಟಿಯಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಇಬ್ಬರು ವಾಸವಾಗಿದ್ದರು. ಡಾಡ್ಸ್‌ವಿಲ್ ಎಂಬ ಊರಿನಲ್ಲಿ ಜೇಮ್ಸ್ ಈಸ್ಟ್‌ಲೆಂಡ್. ಐದು ಸಾವಿರ ಎಕರೆಗೂ ಮಿಕ್ಕಿದ ತೋಟದ ಒಡೆಯ. 1943ರಿಂದ 1978ರವರೆಗೆ ಅಮೆರಿಕದ ಸೆನೆಟ್ ಸದಸ್ಯ. 1956ರಿಂದ ಅದರ ನ್ಯಾಯಾಂಗ ಸಮಿತಿಯ ಅಧ್ಯಕ್ಷ. ಕಪ್ಪು ಜನರ ಹಕ್ಕಿನ ಮಸೂದೆಗಳಿಗೆ ಬದ್ಧ ವಿರೋಧಿ. ರೂಲ್‌ವಿಲ್ ಎಂಬ ಊರಿನ ಬಳಿ ಫ್ಯಾನಿ ಲೂ ಹೇಮರ್. 1917ರಲ್ಲಿ ಪಾಲುಗಾರ ದಂಪತಿಗಳಿಗೆ ಇಪ್ಪತ್ತನೆಯ ಮಗುವಾಗಿ ಹುಟ್ಟಿ, ಆರನೆಯ ವಯಸ್ಸಿನಲ್ಲಿ ಹತ್ತಿ ಬಿಡಿಸಲು ಹೊಲಕ್ಕಿಳಿದು, ನಲವತ್ತು ದಾಟುವವರೆಗೂ ಪರರ ಹೊಲದಲ್ಲಿಯೇ ದುಡಿದ ಹೆಂಗಸು. 1962ರ ಆಗಸ್ಟ್ 31ರಂದು ಆಕೆ ಹದಿನೇಳು ಜನರೊಡನೆ ಬಸ್ಸಿನಲ್ಲಿ ಕೌಂಟಿಯ ಮುಖ್ಯ ಪಟ್ಟಣವಾದ ಇಂಡಿಯನೋಲಾಕ್ಕೆ ಹೋಗಿ ಮತದಾರಳಾಗಿ ಹೆಸರು ಬರೆಸಲು ಯತ್ನಿಸಿದಳು. ಅಂದು ರಾತ್ರಿಯೇ, ಹದಿನೆಂಟು ವರ್ಷ ದುಡಿದಿದ್ದ ತೋಟದಿಂದ ಆಕೆಯನ್ನು ಹೊರಹಾಕಿದರು. ಆ ವರ್ಷದ ಚಳಿಗಾಲದಲ್ಲಿ ನೆರೆಯ ಲೆಫ್ಲೋರ್ ಕೌಂಟಿಯ ಆಡಳಿತ, ಬಡವರಿಗೆ ಹಂಚುತ್ತಿದ್ದ ಸರ್ಕಾರದ ಹೆಚ್ಚುವರಿ ಧಾನ್ಯವನ್ನು ನಿಲ್ಲಿಸಿಬಿಟ್ಟಿತು. ಮತದ ಹಕ್ಕನ್ನು ಕೇಳಿದವರಿಗೆ ಕೊಟ್ಟ ಉತ್ತರ ಅದು.

1965ರ ಕೃಷಿ ಕಾಯಿದೆ ಹತ್ತಿಯ ಆಧಾರ ಬೆಲೆಯನ್ನು ಲೋಕದ ಪೇಟೆಯ ಬೆಲೆಯ ಸಮೀಪಕ್ಕೆ ಇಳಿಸಿ, ನಷ್ಟವನ್ನು ನಗದಿನಲ್ಲಿ ತುಂಬಿಕೊಡುವುದಾಗಿ ಹೇಳಿತು. ಬಿತ್ತನೆಯನ್ನು ಮತ್ತಷ್ಟು ತಗ್ಗಿಸಿದವರಿಗೆ ಮತ್ತಷ್ಟು ಹಣ. 1967ರಲ್ಲಿ ಕೃಷಿ ಕೂಲಿಗೆ ಗಂಟೆಗೆ ಒಂದು ಡಾಲರಿನ ಕನಿಷ್ಠ ವೇತನ ನಿಗದಿಯಾದಾಗ ಒಡೆಯರು ಕಳೆನಾಶಕಗಳನ್ನು ಕೊಂಡು, ಕಳೆ ತೆಗೆಯುತ್ತಿದ್ದ ಕೈಗಳನ್ನು ಬಿಟ್ಟರು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಸೆನೆಟರುಗಳಾದ ರಾಬರ್ಟ್ ಕೆನಡಿ ಮತ್ತು ಜೋಸೆಫ್ ಕ್ಲಾರ್ಕ್ ಡೆಲ್ಟಾ ಪ್ರದೇಶಕ್ಕೆ ಬಂದು ಹೊಟ್ಟೆ ಉಬ್ಬಿದ, ಮಾತನಾಡಲಾರದ ಮಕ್ಕಳನ್ನು ಕಂಡರು. ಅದೇ 1967ರಲ್ಲಿ ಈಸ್ಟ್‌ಲೆಂಡರ ತೋಟಕ್ಕೆ ಸರ್ಕಾರದಿಂದ ಸಂದ ಸಹಾಯಧನ ಒಂದೂವರೆ ಲಕ್ಷ ಡಾಲರಿಗೂ ಮಿಕ್ಕಿದ್ದಿತು. ಅದೇ ರಾಜ್ಯದಲ್ಲಿ ಆಧಾರವಿಲ್ಲದ ಬಡ ಮಗುವೊಂದಕ್ಕೆ ಸಿಗುತ್ತಿದ್ದುದು ತಿಂಗಳಿಗೆ ಸುಮಾರು 9 ಡಾಲರು. ಎರಡೂ ಸರ್ಕಾರದ ಹಣವೇ. ಒಂದಕ್ಕೆ ಕೃಷಿನೀತಿಯೆಂದು ಹೆಸರು, ಇನ್ನೊಂದಕ್ಕೆ ದಾನವೆಂದು. ದಾನ ಪಡೆಯುವವರು ಸೋಮಾರಿಗಳಾಗುತ್ತಾರೆಂಬ ಆತಂಕ ಎರಡನೆಯದರ ಬಗ್ಗೆ ಮಾತ್ರ ಕೇಳಿಬರುತ್ತಿತ್ತು.

ಇದನ್ನು ಅಮೆರಿಕದ ಜನ ಗಮನಿಸಲಿಲ್ಲವೆಂದಲ್ಲ. ಸಹಾಯಧನದ ದೊಡ್ಡ ಮೊತ್ತಗಳನ್ನು ಪಡೆದವರು ಯಾರೆಂದು 1936ರಲ್ಲಿಯೇ ಸೆನೆಟರ್ ಆರ್ಥರ್ ವ್ಯಾಂಡನ್‌ಬರ್ಗ್ ಕೇಳಿದ್ದರು. 1960ರ ದಶಕದಲ್ಲಿ ಇಲಿನಾಯ್ ರಾಜ್ಯದ ಪ್ರತಿನಿಧಿ ಪಾಲ್ ಫಿಂಡ್ಲಿ ಮೊದಲಾದವರು ಒಬ್ಬನಿಗೆ ಇಷ್ಟೇ ಎಂಬ ಮಿತಿ ಬೇಕೆಂದು ಪಟ್ಟುಹಿಡಿದರು. 1970ರ ಕಾಯಿದೆ ಒಬ್ಬ ವ್ಯಕ್ತಿಗೆ ಒಂದು ಬೆಳೆಗೆ 55 ಸಾವಿರ ಡಾಲರಿನ ಮಿತಿ ಹಾಕಿತು. 1973ರಲ್ಲಿ ಅದು 20 ಸಾವಿರಕ್ಕೆ ಇಳಿಯಿತು. ಆದರೆ ವ್ಯಕ್ತಿ ಎಂದರೆ ಯಾರು? ಹೆಂಡತಿ ಒಬ್ಬ ವ್ಯಕ್ತಿ, ಮಗ ಒಬ್ಬ ವ್ಯಕ್ತಿ, ಅಳಿಯ ಒಬ್ಬ ವ್ಯಕ್ತಿ. ಅವರು ಸೇರಿ ಕಟ್ಟಿದ ಕಂಪನಿಯೂ ಒಂದು ವ್ಯಕ್ತಿ. ಒಂದೇ ತೋಟ ಕಾಗದದ ಮೇಲೆ ಹತ್ತು ತೋಟಗಳಾಯಿತು. ಕೊಂಬೆಗೊಂದರಂತೆ ಉಡುಗೊರೆ ತೂಗಾಡುವ ಈ ಏರ್ಪಾಟಿಗೆ ಅಲ್ಲಿನ ಜನ ಮಿಸಿಸಿಪಿ ಕ್ರಿಸ್‌ಮಸ್ ಮರ ಎಂದು ಹೆಸರಿಟ್ಟರು. ಅದನ್ನು ಕಡಿಯಲು 1987ರಲ್ಲಿ ಇನ್ನೊಂದು ಕಾಯಿದೆಯೇ ಬೇಕಾಯಿತು. ಭೂಮಿತಿಯ ಕಾನೂನು ಬಂದಾಗ ಮನೆಯ ದನ ಕಾಯುವವನ ಹೆಸರಿಗೂ ಖಾತೆ ಆದದ್ದನ್ನು ಕೇಳಿರುವ ನಮಗೆ ಈ ಮರದ ಜಾತಿ ಅಪರಿಚಿತವಲ್ಲ.

ಫ್ಯಾನಿ ಲೂ ಹೇಮರ್ 1964ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಮಹಾಧಿವೇಶನದಲ್ಲಿ ಸಾಕ್ಷಿ ನುಡಿದು ದೇಶಕ್ಕೆಲ್ಲ ಪರಿಚಿತಳಾದಳು. ಮತದ ಹಕ್ಕು ಬಂದ ಮೇಲೆಯೂ ಅನ್ನ ಒಡೆಯನ ಕೈಯಲ್ಲಿರುವವರೆಗೆ ಮತ ಮನುಷ್ಯನದಾಗುವುದಿಲ್ಲ ಎಂಬುದನ್ನು ಆಕೆ ಬಲ್ಲಳು. 1969ರಲ್ಲಿ ನಲವತ್ತು ಎಕರೆ ನೆಲ ಕೊಂಡು ಸ್ವಾತಂತ್ರ್ಯದ ಹೊಲ ಎಂಬ ಸಹಕಾರಿ ಬೇಸಾಯವನ್ನು ಆರಂಭಿಸಿದಳು. ಅದು 600 ಎಕರೆಗೂ ಹೆಚ್ಚಾಗಿ ಬೆಳೆಯಿತು. ಅದರೊಡನೆ ಒಂದು ಹಂದಿಯ ಬ್ಯಾಂಕು: ಬಡ ಸಂಸಾರಕ್ಕೆ ಒಂದು ಹೆಣ್ಣು ಹಂದಿ, ಮರಿ ಹಾಕಿದ ಮೇಲೆ ಕೆಲವು ಮರಿಗಳು ಬ್ಯಾಂಕಿಗೆ ವಾಪಸು, ಅವು ಇನ್ನೊಂದು ಸಂಸಾರಕ್ಕೆ. ಈ ಪ್ರಯತ್ನಕ್ಕೆ ಬೆನ್ನಾಗಿದ್ದುದು ದೂರದ ಊರುಗಳ ಜನರ ಚಂದಾ. ಸಾಲ, ಹವಾಮಾನದ ವಿಕೋಪ, ಆಕೆಯ ಅನಾರೋಗ್ಯ ಎಲ್ಲ ಸೇರಿ 1970ರ ದಶಕದ ನಡುವಿನಲ್ಲಿ ನೆಲ ಕೈತಪ್ಪಿತು. 1977ರ ಮಾರ್ಚಿಯಲ್ಲಿ ಆಕೆ ತೀರಿಕೊಂಡಳು. ಅರುವತ್ತು ಲಕ್ಷ ಹಂದಿಗಳನ್ನು ಕೊಂದ ನೀತಿ ನಾನಾ ರೂಪಗಳಲ್ಲಿ ಬಾಳಿತು. ಹಂದಿಗಳನ್ನು ಹಂಚಿದ ಸಹಕಾರ ಏಳೆಂಟು ವರ್ಷವೂ ಬಾಳಲಿಲ್ಲ.

ಲೆಕ್ಕ ತೀರಿಸುವ ಯತ್ನ ತಡವಾಗಿ ಬಂತು. ಕೃಷಿ ಇಲಾಖೆ ಸಾಲ ಸಹಾಯಗಳಲ್ಲಿ ಬಣ್ಣ ನೋಡಿತೆಂದು ಕಪ್ಪು ರೈತರು 1997ರಲ್ಲಿ ದಾವೆ ಹೂಡಿದರು. 1999ರಲ್ಲಿ ರಾಜಿಯಾಗಿ ಸುಮಾರು ನೂರು ಕೋಟಿ ಡಾಲರು ಹಂಚಲಾಯಿತು. 2010ರಲ್ಲಿ ಇನ್ನೂ ಅಷ್ಟಕ್ಕೆ ಮಿಕ್ಕಿ ಮಂಜೂರಾಯಿತು. ಸಾಲದಲ್ಲಿ ಅನ್ಯಾಯಕ್ಕೊಳಗಾದವರೆಂದು ಕಂಡುಬಂದ 43 ಸಾವಿರಕ್ಕೂ ಹೆಚ್ಚು ಮಂದಿಗೆ 2024ರಲ್ಲಿ ಸುಮಾರು ಇನ್ನೂರು ಕೋಟಿ ಡಾಲರು ಸಂದಿತು. ಅಷ್ಟು ಹೊತ್ತಿಗೆ ಎಷ್ಟೋ ಜನರ ಹೊಲವೂ ಹೋಗಿತ್ತು, ಆಯುಷ್ಯವೂ ಹೋಗಿತ್ತು. ಇತ್ತ ಹೊರದೇಶಗಳ ಹತ್ತಿ ಬೆಳೆಗಾರರ ದೂರು ಬೇರೆ. ಅಮೆರಿಕದ ಸಹಾಯಧನ ಲೋಕದ ಬೆಲೆಯನ್ನು ಕೆಳಗೆ ತುಳಿಯುತ್ತಿದೆಯೆಂದು ಬ್ರೆಜಿಲ್ ದೇಶ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತ್ತು ಗೆದ್ದಿತು. ಕೂಡಲೆ ನೀತಿಯನ್ನು ಬದಲಾಯಿಸಲಾರದ ಅಮೆರಿಕ 2010ರಿಂದ ವರ್ಷಕ್ಕೆ 14 ಕೋಟಿ 73 ಲಕ್ಷ ಡಾಲರನ್ನು ಬ್ರೆಜಿಲಿನ ಹತ್ತಿ ಸಂಸ್ಥೆಗೆ ಕೊಡಲು ಒಪ್ಪಿತು. 2014ರಲ್ಲಿ 30 ಕೋಟಿ ಕೊಟ್ಟು ವ್ಯಾಜ್ಯ ಮುಗಿಸಿತು. ತನ್ನ ರೈತರಿಗೆ ಕೊಡುವುದನ್ನು ನಿಲ್ಲಿಸಲಾರದೆ ಪರರ ರೈತರಿಗೂ ಕೊಡಬೇಕಾಗಿ ಬಂದ ಸರ್ಕಾರವನ್ನು ಚರಿತ್ರೆ ಬೇರೆಲ್ಲಿ ಕಂಡಿದೆಯೋ!

ಈ ಕಥೆಯಲ್ಲಿ ಖಳನಾಯಕನನ್ನು ಹುಡುಕುವುದು ಕಷ್ಟವಲ್ಲ; ಆದರೆ ಅದರಿಂದ ಪ್ರಯೋಜನ ಕಡಮೆ. 1933ರ ಕಾಯಿದೆಯನ್ನು ರಚಿಸಿದವರಲ್ಲಿ ಹಲವರು ಸಜ್ಜನರು. ಹರಾಜಾಗುತ್ತಿದ್ದ ನೆಲವನ್ನು ಉಳಿಸಿದವರು. ಅವರು ರೈತನಿಗೆ ಕೊಡೋಣ ಎಂದರು. ರೈತ ಎಂಬ ಪದದ ಒಳಗೆ ಒಡೆಯನೂ ಇದ್ದಾನೆ, ಒಕ್ಕಲೂ ಇದ್ದಾನೆ, ಕೂಲಿಯೂ ಇದ್ದಾನೆ ಎಂಬುದನ್ನು ಬಿಡಿಸಿ ನೋಡಲಿಲ್ಲ. ನೋಡಿದವರನ್ನು ಕೆಲಸದಿಂದ ಬಿಡಿಸಿದರು. ಒಂದು ಪದವನ್ನು ಅರಿಯದೆ ಬಳಸಿದ್ದರ ಬೆಲೆಯನ್ನು ಅರ್ಧ ಸೆಂಟು ಪಡೆದವರು ತೆತ್ತರು. ಸಾಹಿತ್ಯದಲ್ಲಿ ಆಸಕ್ತರಾದವರಿಗೆ ಪದಗಳ ವಿಷಯದಲ್ಲಿ ಇರಬೇಕಾದ ಎಚ್ಚರ ಆಡಳಿತಗಾರರಿಗೂ ಬೇಕು ಎಂದರೆ ಅತಿಶಯೋಕ್ತಿಯಾಗದು.

ಆದ್ದರಿಂದ ಯಾವ ದೇಶದಲ್ಲಿಯೇ ಆಗಲಿ, ಯಾವ ಸದುದ್ದೇಶದ ಯೋಜನೆಯೇ ಆಗಲಿ, ಎಷ್ಟು ಕೋಟಿ ಎಂದು ಕೇಳುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರಿವೆ. ಅಳೆಯುವುದು ಯಾವುದನ್ನು, ನೆಲವನ್ನೋ ದುಡಿಮೆಯನ್ನೋ? ಅಳೆಯುವವರು ಯಾರು? ಚೆಕ್ಕಿನ ಮೇಲೆ ಬರೆಯುವ ಹೆಸರು ಯಾರದು? ಸನ್‌ಫ್ಲವರ್ ಕೌಂಟಿಯಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಿದವರಿದ್ದರು. ಅವರಿಗೆ ಉತ್ತರ ದೊರೆಯುವ ಹೊತ್ತಿಗೆ ಮೂರು ತಲೆಮಾರು ಕಳೆದಿತ್ತು.